ಸಾಫ್ಟ್‌ವೇರ್ ಸಿಂಥಸೈಜರ್‌ನ ಸಾವಿರಾರು ಪ್ರಿಸೆಟ್‌ಗಳನ್ನು ಮಿಡಿ ಕಂಟ್ರೋಲರ್‌ನಿಂದ ನಿಭಾಯಿಸುವುದು ಹೇಗೆ?

ಪ್ರಿಸೆಟ್ (ಮೊದಲೇ ಸಿದ್ಧಪಡಿಸಿ ಉಳಿಸಿಟ್ಟ ಧ್ವನಿ) ಬದಲಿಸಿ, ಮಿಡಿ ಕಂಟ್ರೋಲರ್‌ನ (ಸಾಫ್ಟ್‌ವೇರ್‌ಗೆ ಮಿಡಿ ಎಂಬ ಸಂಗೀತ ಸಂದೇಶಗಳನ್ನು ಕಳಿಸುವ ಸಾಧನದ) ನಾಬ್ ಮುಟ್ಟಿದೊಡನೆ ಧ್ವನಿ ಏಕೆ ಜಿಗಿಯುತ್ತದೆ, ದೊಡ್ಡ ಸಂಗ್ರಹದಿಂದ ಪ್ರಿಸೆಟ್‌ಗಳನ್ನು ಮೌಸ್ ಹಿಡಿಯದೆ ಆರಿಸುವುದು ಹೇಗೆ ಎಂಬ ನಿಮ್ಮ ಎರಡು ಪ್ರಶ್ನೆಗಳಲ್ಲಿ ಮೊದಲನೆಯದೇ ನುಡಿಸುವವರನ್ನು ಹೆಚ್ಚು ಕಾಡುವಂಥದ್ದು. ಹೊಸ ಪ್ರಿಸೆಟ್‌ನಲ್ಲಿ ಫಿಲ್ಟರ್ ಕಟಾಫ್ (ಧ್ವನಿ ಎಷ್ಟು ಪ್ರಖರವೆಂದು ನಿರ್ಧರಿಸುವ ಮಟ್ಟ) 30ರಲ್ಲಿದ್ದು, ನಾಬ್ ಹಿಂದಿನ ಬಳಕೆಯಿಂದ 110ರಲ್ಲಿ ನಿಂತಿದ್ದರೆ, ಅದನ್ನು ಕೂದಲೆಳೆಯಷ್ಟು ತಿರುಗಿಸಿದರೂ 111 ಎಂಬ ಮೌಲ್ಯ ರವಾನೆಯಾಗಿ ಮಂದವಾಗಿದ್ದ ಸ್ವರ ಒಮ್ಮೆಲೇ ಪ್ರಖರವಾಗುತ್ತದೆ. ಕೊನೆಯಿಲ್ಲದೆ ತಿರುಗುವ ಎನ್‌ಕೋಡರ್‌ಗಳುಳ್ಳ ಕಂಟ್ರೋಲರನ್ನು ರಿಲೇಟಿವ್ ಕ್ರಮದಲ್ಲಿ, ಅಂದರೆ ನಾಬ್ ನಿಂತ ಸ್ಥಾನವನ್ನಲ್ಲದೆ ಎಷ್ಟು ತಿರುಗಿತೆಂಬುದನ್ನಷ್ಟೇ ಕಳಿಸುವಂತೆ, ಬಳಸುವುದೇ ಇದಕ್ಕೆ ಉತ್ತಮ ಪರಿಹಾರವೆಂಬುದು ನನ್ನ ಖಚಿತ ಅಭಿಪ್ರಾಯ. ಸಾಧಾರಣ ನಾಬ್ ಇರುವವರು, ಸಾಫ್ಟ್‌ವೇರ್‌ನಲ್ಲಿ ಪಿಕಪ್ ಆಯ್ಕೆ ಇದ್ದರೆ, ಅದನ್ನು ಚಾಲೂ ಮಾಡಿಕೊಳ್ಳಬೇಕು. ಆಗ ನಾಬ್ ಆ 30ನ್ನು ಮುಟ್ಟುವವರೆಗೆ ಧ್ವನಿ ಕದಲುವುದಿಲ್ಲ.

ಇನ್ನು ಆಯ್ಕೆಯ ವಿಚಾರ. 1983ರಲ್ಲಿ ಬಳಕೆಗೆ ಬಂದ ಮಿಡಿಯಲ್ಲಿ, ಪ್ರಿಸೆಟ್ ಬದಲಿಸಲು ಕಂಟ್ರೋಲರ್ ಕಳಿಸುವ ಪ್ರೋಗ್ರಾಂ ಚೇಂಜ್ ಸಂದೇಶ 128 ಪ್ರಿಸೆಟ್‌ಗಳನ್ನಷ್ಟೇ ಗುರುತಿಸಬಲ್ಲದಾದರೂ, ಬ್ಯಾಂಕ್ (ಪ್ರಿಸೆಟ್‌ಗಳ ಗುಂಪು) ಆರಿಸುವ ಬ್ಯಾಂಕ್ ಸೆಲೆಕ್ಟ್ ಸಂದೇಶ ಜೊತೆಗೂಡಿದರೆ ತಲಾ 128 ಪ್ರಿಸೆಟ್‌ಗಳ 16,384 ಬ್ಯಾಂಕ್‌ಗಳಿಗೆ ಅವಕಾಶವಿದೆ. ಆದರೆ ಅಷ್ಟು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳುವುದು ಯಾರಿಂದಲೂ ಆಗದು. ಆದ್ದರಿಂದ ಬೇಸ್, ಪ್ಯಾಡ್, ಲೀಡ್ ಮುಂತಾದ ಧ್ವನಿ ಬಗೆಗಳ ಟ್ಯಾಗ್‌ಗಳ ಮೂಲಕ ಬಿಡುವಿನಲ್ಲೇ ಹುಡುಕಿ, ನಿಜವಾಗಿ ನುಡಿಸುವಂಥವನ್ನು ಮಾತ್ರ ನಿಮ್ಮದೇ ಬ್ಯಾಂಕಿಗೆ ನಕಲಿಸಿಕೊಳ್ಳಿ. ಪ್ರತಿಯೊಂದರಲ್ಲೂ ಮೊದಲ ಮ್ಯಾಕ್ರೋವನ್ನು (ಬೇಕಾದ ಗುಣಕ್ಕೆ ಜೋಡಿಸಬಹುದಾದ ನಿಯಂತ್ರಣವನ್ನು) ಕಟಾಫ್‌ಗೇ ಜೋಡಿಸಿಟ್ಟರೆ, ಯಾವ ಪ್ರಿಸೆಟ್ ತೆರೆದರೂ ಕೈ ಅದೇ ನಾಬಿಗೆ ಹೋಗುತ್ತದೆ.