ಠಪ್ ಅಂತ ಆಫ್ ಆಗುವ ಕಂಪ್ಯೂಟರ್: ಓದುಗರ ಪ್ರಶ್ನೆ, ರಿಪೇರಿಯವನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು. ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಆಫ್ ಆಗುತ್ತದೆ ಅಂತ. ಹಾಸನದ ಬಿ.ಎಂ. ರಸ್ತೆ ಪಕ್ಕದ ಓಣಿಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಅಲ್ಲಿಗೆ ಬರುವವರದೂ ಇದೇ ಗೋಳು. "ಯಾವಾಗ ಆಫ್ ಆಗುತ್ತೆ?" ಅಂತ ಕೇಳಿದರೆ "ಯಾವಾಗ ಬೇಕಾದ್ರೆ ಆವಾಗ ಸಾರ್" ಅನ್ನುತ್ತಾರೆ. ಈ ಉತ್ತರವನ್ನು ಮಾತ್ರ ನಾನು ನಂಬುವುದಿಲ್ಲ. ಅದಕ್ಕೊಂದು ಹೊತ್ತು ಇದ್ದೇ ಇರುತ್ತದೆ, ನಾವು ನೋಡಿರುವುದಿಲ್ಲ ಅಷ್ಟೇ. ಒಂದು ಹಳೇ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು, ಆಫ್ ಆದಾಗಲೆಲ್ಲ ಗಂಟೆ ಎಷ್ಟು, ಆಗ ಏನು ಮಾಡುತ್ತಿದ್ದಿರಿ, ಮನೆಯಲ್ಲಿ ಬೇರೇನು ಓಡುತ್ತಿತ್ತು ಅಂತ ಬರೆದಿಡಿ. ನಾಲ್ಕು ದಿನ ಸಾಕು. ಈ ಸಲದ ಉತ್ತರಗಳಲ್ಲಿ ಮುಕ್ಕಾಲು ಪಾಲು ಅದರಿಂದಲೇ ಬಂದದ್ದು.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ಮೂಡಿಗೆರೆ ಹತ್ತಿರದ ಹಳ್ಳಿಯವನು. ಆರು ವರ್ಷದ ಕಂಪ್ಯೂಟರ್. ಆನ್ ಮಾಡಿದ 20 ನಿಮಿಷಕ್ಕೆ ಠಪ್ ಅಂತ ಆಫ್ ಆಗುತ್ತದೆ. ಕೂಡಲೇ ಆನ್ ಮಾಡಿದರೆ ಎರಡೇ ನಿಮಿಷ ಇರುತ್ತದೆ. ಊಟ ಮುಗಿಸಿ ಬಂದು ಹಾಕಿದರೆ ಮತ್ತೆ 20 ನಿಮಿಷ. ಒಬ್ಬರು ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ) ಬದಲಾಯಿಸಿದರು, ಇನ್ನೊಬ್ಬರು ರ‍್ಯಾಮ್ ಬದಲಾಯಿಸಿದರು. ಏನೂ ಪ್ರಯೋಜನವಾಗಲಿಲ್ಲ. ಧೂಳು ಕೂರದ ಹಾಗೆ ಸಿಪಿಯುಗೆ ಯಾವಾಗಲೂ ಬಟ್ಟೆ ಹೊದಿಸಿಯೇ ಇಟ್ಟಿದ್ದೇನೆ.

ಉತ್ತರ: ಮೇಷ್ಟ್ರೇ, ರೋಗ ಏನು ಅಂತ ನಿಮ್ಮ ಪತ್ರದಲ್ಲೇ ಇದೆ. 20 ನಿಮಿಷ, ಕೂಡಲೇ ಹಾಕಿದರೆ ಎರಡು ನಿಮಿಷ, ಊಟದ ನಂತರ ಮತ್ತೆ 20 ನಿಮಿಷ. ಇದು ಬಿಸಿಯ ಲೆಕ್ಕ. ಒಳಗಿನ ಮುಖ್ಯ ಚಿಪ್, ಅಂದರೆ ಪ್ರೊಸೆಸರ್, ಕಾಯುತ್ತಾ ಹೋಗಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮೊದಲು ಕೆಲಸ ನಿಧಾನ ಮಾಡುತ್ತದೆ. ಅದಕ್ಕೂ ಬಗ್ಗದಿದ್ದರೆ ಸುಟ್ಟುಹೋಗಬಾರದು ಅಂತ ಕರೆಂಟನ್ನೇ ಕತ್ತರಿಸಿಕೊಳ್ಳುತ್ತದೆ. ಊಟದ ಹೊತ್ತಿಗೆ ತಣ್ಣಗಾಗಿರುತ್ತದೆ, ಅದಕ್ಕೇ ಮತ್ತೆ 20 ನಿಮಿಷ ಸಿಗುತ್ತದೆ. ಎಸ್‌ಎಂಪಿಎಸ್ ಬದಲಾಯಿಸಿದವರು ಈ ಒಂದು ಮಾತು ಕೇಳಿದ್ದರೆ ನಿಮ್ಮ ದುಡ್ಡು ಉಳಿಯುತ್ತಿತ್ತು.

ಇನ್ನು ಆ ಬಟ್ಟೆ. ಕೋಪ ಮಾಡ್ಕೋಬೇಡಿ, ಮೊದಲು ಅದನ್ನು ತೆಗೆಯಿರಿ. ನೀವು ಸಿಪಿಯು ಅನ್ನುವ ಆ ಡಬ್ಬ ಮುಂದಿನಿಂದ ಗಾಳಿ ಎಳೆದು ಹಿಂದಿನಿಂದ ಬಿಡುತ್ತದೆ. ಬಟ್ಟೆ ಹಿಂದಿನ ಜಾಲರಿಯ ಮೇಲೆ ಇಳಿಬಿದ್ದರೆ, ಕಂಬಳಿ ಹೊದ್ದುಕೊಂಡು ಒಲೆ ಮುಂದೆ ಕೂತ ಹಾಗೆ. ಆಫ್ ಮಾಡಿದ ಮೇಲೆ ಬೇಕಾದರೆ ಹೊದಿಸಿ. ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದಿಡಿ.

ಈಗ ಒಳಗೆ ನೋಡೋಣ. ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿಹಿಡಿಯಿರಿ, ಉಳಿದಿರುವ ಕರೆಂಟ್ ಹೋಗಲಿ. ಎಡಬದಿಯ ತಗಡು ಬಿಚ್ಚಿ. ಡಬ್ಬದ ಬಣ್ಣವಿಲ್ಲದ ಕಬ್ಬಿಣ ಒಮ್ಮೆ ಮುಟ್ಟಿ, ಮೈಯಲ್ಲಿರುವ ಸಣ್ಣ ಕರೆಂಟ್ ಇಳಿಯಲಿ, ಆಮೇಲೆ ಕೈ ಹಾಕಿ. ಮಧ್ಯದಲ್ಲಿ ಒಂದು ಫ್ಯಾನ್, ಅದರ ಕೆಳಗೆ ಪ್ರೊಸೆಸರಿನ ಬಿಸಿ ಎಳೆದುಕೊಳ್ಳುವ ಅಲ್ಯುಮಿನಿಯಂ ಪಟ್ಟಿಗಳ ಹೀಟ್‌ಸಿಂಕ್ ಕಾಣುತ್ತದೆ. ಎರಡೂ ಸೇರಿದ್ದೇ ಕೂಲರ್. ಫ್ಯಾನ್ ಚೆನ್ನಾಗಿ ತಿರುಗುತ್ತಿದೆ ಅಂದ್ಕೊಂಡು ಎಲ್ಲರೂ ಅಲ್ಲಿಗೇ ಬಿಡುತ್ತಾರೆ. ಮೋಸ ಇರುವುದು ಫ್ಯಾನಿನ ಕೆಳಗೆ. ಹೋದ ವಾರ ಅಂಗಡಿಗೆ ಬಂದ ಒಂದರಲ್ಲಿ ಫ್ಯಾನ್ ಬಿಚ್ಚಿ ಎತ್ತಿದೆ. ಪಟ್ಟಿಗಳ ಮೇಲೆ ಬೂದು ಬಣ್ಣದ ಧೂಳು ಒತ್ತಾಗಿ ಕೂತಿತ್ತು. ಚಿಮುಟದಲ್ಲಿ ಒಂದು ತುದಿ ಹಿಡಿದು ಎಳೆದರೆ ಅಕ್ಕಿರೊಟ್ಟಿ ಕಾವಲಿಯಿಂದ ಏಳುವ ಹಾಗೆ ಇಡಿಯಾಗಿ ಎದ್ದು ಬಂತು. ಅಷ್ಟು ದಪ್ಪ ಇದ್ದರೆ ಫ್ಯಾನ್ ಎಷ್ಟು ತಿರುಗಿ ಏನು ಬಂತು?

ಮೆತ್ತನೆ ಬ್ರಷ್, ಇಲ್ಲಾಂದ್ರೆ ಕೈಯಲ್ಲಿ ಹಿಡಿಯುವ ಬ್ಲೋವರ್ ಸಾಕು. ಗಾಳಿ ಬಿಡುವಾಗ ಫ್ಯಾನ್ ತಿರುಗದಂತೆ ಒಂದು ಪೆನ್ಸಿಲ್ ಅಡ್ಡ ಹಿಡಿಯಿರಿ, ಭರ‍್ರನೆ ತಿರುಗಿಸಿದರೆ ಅದರ ಬೇರಿಂಗ್ ಹಾಳಾಗುತ್ತದೆ. ಅಂಗಳಕ್ಕೆ ತಂದು ಮಾಡಿ, ಇಲ್ಲದಿದ್ದರೆ ಮನೆಯವರ ಕೈಲಿ ಬೈಸಿಕೊಳ್ಳುತ್ತೀರಿ.

ಇಂಟೆಲ್ ಪ್ರೊಸೆಸರ್ ಜೊತೆ ಬರುವ ಕೂಲರ್ ಆಗಿದ್ದರೆ ಅದನ್ನು ಹಿಡಿದಿರುವುದು ನಾಲ್ಕು ಪ್ಲಾಸ್ಟಿಕ್ ಪಿನ್. ಅದರಲ್ಲಿ ಒಂದು ಸಡಿಲವಾಗಿದ್ದರೂ ಹೀಟ್‌ಸಿಂಕ್ ಒಂದು ಕಡೆ ಎದ್ದು ಕೂರುತ್ತದೆ, ಬಿಸಿ ಮೇಲಕ್ಕೆ ಬರುವುದೇ ಇಲ್ಲ. ನಾಲ್ಕನ್ನೂ ಅಲುಗಿಸಿ ನೋಡಿ. ಸಡಿಲ ಇದ್ದರೆ 'ಟಕ್' ಅನ್ನುವವರೆಗೆ ಒತ್ತಿ. ನಿಮ್ಮದು ಆರು ವರ್ಷದ್ದು, ಹಾಗಾಗಿ ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚಕ್ಕೆ ಆಗಿರಬಹುದು. ಕೂಲರ್ ಬಿಚ್ಚಿ, ಹಳೆಯದನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ ತೆಗೆದು, ಹೊಸದನ್ನು ಒಂದು ತೊಗರಿ ಕಾಳಿನಷ್ಟು ಮಧ್ಯಕ್ಕೆ ಇಟ್ಟು ಕೂಲರ್ ಕೂರಿಸಬೇಕು. ಬೆಣ್ಣೆ ಸವರಿದ ಹಾಗೆ ಬಳಿಯಬೇಡಿ. ಪ್ರೊಸೆಸರ್ ಎಎಂಡಿ ಕಂಪನಿಯದಾಗಿದ್ದರೆ ಕೂಲರನ್ನು ನೇರ ಮೇಲಕ್ಕೆ ಕೀಳಬೇಡಿ. ಪೇಸ್ಟ್ ಅಂಟಿಕೊಂಡು ಪ್ರೊಸೆಸರೇ ಕಿತ್ತು ಬಂದು, ಅದರ ಕಾಲುಗಳು ಬಗ್ಗಿದ್ದನ್ನು ನೋಡಿದ್ದೇನೆ. ಹತ್ತು ನಿಮಿಷ ಓಡಿಸಿ, ಬೆಚ್ಚಗಾದ ಮೇಲೆ ಆಫ್ ಮಾಡಿ ಪ್ಲಗ್ ಕಿತ್ತು, ಅತ್ತ ಇತ್ತ ತಿರುಚಿ ಬಿಡಿಸಿ. ಕೈ ನಡುಗುತ್ತದೆ ಅಂದರೆ ಈ ಒಂದು ಕೆಲಸವನ್ನು ಮೂಡಿಗೆರೆಯಲ್ಲೇ ಯಾರಿಗಾದರೂ ಕೊಡಿ.

ಸರಿಹೋಯಿತಾ ಅಂತ ತಿಳಿಯಲು ಆನ್ ಮಾಡುವಾಗ ಡಿಲೀಟ್ ಇಲ್ಲವೇ ಎಫ್2 ಕೀ ಒತ್ತಿ ಬಯಾಸ್ ಅನ್ನುವ, ವಿಂಡೋಸ್‌ಗೂ ಮುಂಚಿನ ಸೆಟ್ಟಿಂಗ್ ಪರದೆಗೆ ಹೋಗಿ. ಅಲ್ಲಿ ಸಿಪಿಯು ಟೆಂಪರೇಚರ್ ಅಂತ ಇರುತ್ತದೆ, ಅಂದರೆ ಪ್ರೊಸೆಸರಿನ ಬಿಸಿ. 40, 50ರ ಆಸುಪಾಸಿನಲ್ಲಿ ನಿಂತಿದ್ದರೆ ನೆಮ್ಮದಿಯಾಗಿರಿ. ಸುಮ್ನೆ ಕೂತಿದ್ದಾಗಲೇ 80 ದಾಟಿ ಏರುತ್ತಿದ್ದರೆ ಕೂಲರ್ ಇನ್ನೂ ಸರಿಯಾಗಿ ಕೂತಿಲ್ಲ.

ಪ್ರಶ್ನೆ: ನಾನು ಆಲ್ದೂರು ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ಎಲ್ಲ ಈಗ ಕಂಪ್ಯೂಟರಿನಲ್ಲೇ. ಹಣ್ಣು ಕೊಯ್ಲು ಶುರುವಾದ ಮೇಲೆ ಸಂಜೆ ಹೊತ್ತು ಕಂಪ್ಯೂಟರ್ ಆಫ್ ಆಗುತ್ತದೆ, ಕೆಲವು ಸಲ ತಾನೇ ರೀಸ್ಟಾರ್ಟ್ ಆಗುತ್ತದೆ. ಮಳೆಗಾಲದಲ್ಲಿ ಏನೂ ತೊಂದರೆ ಇರಲಿಲ್ಲ. ಕರೆಂಟ್ ಹೋದರೆ ಬ್ಯಾಟರಿಯಿಂದ ಓಡಿಸುವ ಯುಪಿಎಸ್ ಇದೆ. ಬಟವಾಡೆ ಹಿಂದಿನ ದಿನ ಎರಡು ಸಲ ಟೈಪ್ ಮಾಡಿದ್ದೆಲ್ಲ ಹೋಯಿತು.

ಉತ್ತರ: ರೈಟರೇ, ಕೊಯ್ಲಿನ ಕಾಲ, ಸಂಜೆ ಹೊತ್ತು. ಅಂದರೆ ಹಣ್ಣು ಬಂದು, ಅದರ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುವ ಹೊತ್ತು, ಅಲ್ವಾ? ನೋಟ್‌ಬುಕ್ಕಿನಲ್ಲಿ ಎರಡು ಸಂಜೆ ಪಲ್ಪರ್ ಹಾಕಿದ ಗಂಟೆ, ಕಂಪ್ಯೂಟರ್ ಆಫ್ ಆದ ಗಂಟೆ ಬರೆಯಿರಿ. ಎರಡೂ ಒಂದೇ ನಿಮಿಷಕ್ಕೆ ಬಂದರೆ ನನಗೆ ಆಶ್ಚರ್ಯವಿಲ್ಲ.

ಯಾಕೆ ಇಷ್ಟು ಧೈರ್ಯವಾಗಿ ಹೇಳುತ್ತೇನೆ ಅಂದರೆ, ಇದರಲ್ಲಿ ನಾನೇ ಒಮ್ಮೆ ಮಾನ ಕಳೆದುಕೊಂಡಿದ್ದೇನೆ. ಸಕಲೇಶಪುರ ಕಡೆಯ ಒಂದು ತೋಟ. ಅಂಗಡಿ ಹೊಸದು, ಉಮೇದು ಜಾಸ್ತಿ. ಕಂಪ್ಯೂಟರ್ ತಂದುಕೊಟ್ಟರು. ಅಂಗಡಿಯಲ್ಲಿ ಎರಡು ದಿನ ಓಡಿಸಿದೆ, ಆಫ್ ಆಗಲೇ ಇಲ್ಲ. ಆದರೂ ಎಸ್‌ಎಂಪಿಎಸ್ ಬದಲಾಯಿಸಿ ಕಳಿಸಿದೆ. ವಾರಕ್ಕೆ ವಾಪಸ್ ಬಂತು. ಒಳಗಿನ ಮುಖ್ಯ ಬೋರ್ಡು, ಅಂದರೆ ಮದರ್‌ಬೋರ್ಡ್ ಬದಲಾಯಿಸಿದೆ. ಮತ್ತೆ ವಾಪಸ್. ಮೂರನೇ ಸಲ ನಾನೇ ಹೋದೆ. ಆಫೀಸಿನ ಬೆಂಚಿನ ಮೇಲೆ ಕೂತು ಅವರು ಕೊಟ್ಟ ಕಾಫಿ ಕುಡಿಯುತ್ತಿದ್ದೆ. ಹೊರಗೆ ಮೋಟಾರು 'ಘೂಂ' ಅಂತ ಎದ್ದಿತು. ತಲೆ ಮೇಲಿನ ಟ್ಯೂಬ್‌ಲೈಟ್ ಒಮ್ಮೆ ಕಣ್ಣು ಮಿಟುಕಿಸಿತು, ಕಂಪ್ಯೂಟರ್ ಆಫ್. ಆ ಯಜಮಾನರು ನನ್ನ ಮುಖ ನೋಡಿದರು, ನಾನು ಕಾಫಿ ಲೋಟ ನೋಡಿದೆ. ಮದರ್‌ಬೋರ್ಡಿನ ದುಡ್ಡು ವಾಪಸ್ ಕೊಟ್ಟು ಬಂದೆ.

ಆಗುವುದು ಇಷ್ಟು. ಮೋಟಾರು ಏಳುವಾಗ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ತೋಟದ ಲೈನು ಉದ್ದ, ಆ ಒಂದು ಕ್ಷಣ ವೋಲ್ಟೇಜ್ ಕುಸಿಯುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಒಂದು ಅಲೆಗೆ 20 ಮಿಲಿಸೆಕೆಂಡ್. ಹೊಸ ಎಸ್‌ಎಂಪಿಎಸ್ ಒಳಗೆ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಹೆಚ್ಚುಕಡಿಮೆ ಅಷ್ಟು ಹೊತ್ತು ಉಸಿರು ಹಿಡಿದುಕೊಂಡಿರುತ್ತದೆ. ಹಳೆಯದಕ್ಕೆ ಅಷ್ಟು ದಮ್ಮು ಇರುವುದಿಲ್ಲ.

ಈ ಕುಸಿತ ದಾಟಿಸಲಿಕ್ಕೇ ಯುಪಿಎಸ್ ಇರುವುದು. ನಿಮ್ಮದು ದಾಟಿಸುತ್ತಿಲ್ಲ ಅಂದರೆ ಅದರ ಬ್ಯಾಟರಿ ಸತ್ತಿದೆ ಅಂತ ನನ್ನ ಊಹೆ. ಮನೆ ಯುಪಿಎಸ್‌ಗಳಲ್ಲಿ ಹೆಚ್ಚಾಗಿ ಇರುವುದು 12 ವೋಲ್ಟ್, 7 ಆ್ಯಂಪಿಯರ್ ಅವರ್‌ನ ಸೀಸದ ಬ್ಯಾಟರಿ. ಎರಡು ಮೂರು ವರ್ಷ ಬಂದರೆ ಪುಣ್ಯ. ಹಸಿರು ದೀಪ ಉರಿಯುತ್ತಿದೆ ಅಂತ ನಂಬಬೇಡಿ. ಕಂಪ್ಯೂಟರ್ ತೆಗೆದು, ಯುಪಿಎಸ್‌ಗೆ 100 ವ್ಯಾಟಿನ ಹಳೇ ತಂತಿ ಬಲ್ಬ್ ಒಂದನ್ನು ಹಾಕಿ. ಗೋಡೆ ಸ್ವಿಚ್ ಆಫ್ ಮಾಡಿ ನೋಡಿ. ಐದು ನಿಮಿಷವೂ ಉರಿಯದೆ ಆರಿದರೆ ಬ್ಯಾಟರಿ ಬದಲಾಯಿಸಿ. ಎಲ್‌ಇಡಿ ಬಲ್ಬ್ ಹಾಕಿ ಪರೀಕ್ಷೆ ಮಾಡಬೇಡಿ, ಅದು ಸತ್ತ ಬ್ಯಾಟರಿಯಲ್ಲೂ ಉರಿಯುತ್ತದೆ.

ಹೊಸ ಬ್ಯಾಟರಿ ಹಾಕಿದ ಮೇಲೂ ಆಫ್ ಆದರೆ ಆಗ ಎಸ್‌ಎಂಪಿಎಸ್ ಬದಲಾಯಿಸೋಣ. ಆದರೆ ಅದನ್ನು ನೀವೇ ಬಿಚ್ಚಿ ನೋಡಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟಿಗೂ ಜಾಸ್ತಿ ಕೂತಿರಬಹುದು. ಮಲೆನಾಡಿನಿಂದ ಬರುವ ಎಸ್‌ಎಂಪಿಎಸ್‌ಗಳನ್ನು ನಾನಂತೂ ಮೊದಲು ಕೊಡವುತ್ತೇನೆ. ಬೆಚ್ಚಗಿನ ಜಾಗ ನೋಡಿ ಇರುವೆ ಗೂಡು ಕಟ್ಟಿರುತ್ತದೆ. ಒಂದರಿಂದ ಒಣಗಿದ ಹಲ್ಲಿ ಬಿದ್ದದ್ದೂ ಉಂಟು.

ಅಲ್ಲಿಯವರೆಗೆ ಬಟವಾಡೆ ಲೆಕ್ಕವನ್ನು ಪಲ್ಪರ್ ಹಾಕುವ ಮುಂಚೆ ಮುಗಿಸಿ, ಹತ್ತು ನಿಮಿಷಕ್ಕೊಮ್ಮೆ ಕಂಟ್ರೋಲ್ ಎಸ್ ಒತ್ತುತ್ತಿರಿ.

ಪ್ರಶ್ನೆ: ಅರಸೀಕೆರೆಯಲ್ಲಿ ಸಣ್ಣ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ ಅಣ್ಣ. ಅರ್ಜಿ ತುಂಬುವಾಗ ಏನೂ ಆಗುವುದಿಲ್ಲ, ಪ್ರಿಂಟ್ ಕೊಟ್ಟ ಕೂಡಲೇ ಯುಪಿಎಸ್ ಕೀಂ ಅಂದು ಕಂಪ್ಯೂಟರ್ ಆಫ್. ಯುಪಿಎಸ್ ಹೊಸದು.

ಉತ್ತರ: ಪ್ರಿಂಟರ್ ಲೇಸರ್ ಅಲ್ವೇನಮ್ಮ? ಅದನ್ನೂ ಯುಪಿಎಸ್‌ಗೇ ಹಾಕಿದ್ದೀರಿ. ಲೇಸರ್ ಪ್ರಿಂಟರ್ ಟೋನರ್ ಪುಡಿಯನ್ನು ಕಾಗದಕ್ಕೆ ಬಿಸಿಯಿಂದ ಅಂಟಿಸುತ್ತದೆ. ಅದರ ಒಳಗೆ ಒಂದು ಸಣ್ಣ ಇಸ್ತ್ರಿಪೆಟ್ಟಿಗೆ ಇದೆ ಅಂತಲೇ ತಿಳಿದುಕೊಳ್ಳಿ. ಪ್ರಿಂಟ್ ಕೊಟ್ಟಾಗ ಅದು ಕಾಯಲು ನೂರಾರು ವ್ಯಾಟ್ ಎಳೆಯುತ್ತದೆ. 600 ವಿಎ ಅಂತ ಬರೆದಿರುವ ಯುಪಿಎಸ್‌ನ ತಾಕತ್ತು ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ. ಪ್ರಿಂಟರ್ ಪ್ಲಗ್ಗನ್ನು ಗೋಡೆಗೆ ಹಾಕಿ. ಕಂಪ್ಯೂಟರ್ ಮತ್ತು ಮಾನಿಟರ್ ಮಾತ್ರ ಯುಪಿಎಸ್‌ಗೆ. ಖರ್ಚು ಸೊನ್ನೆ.

ಪ್ರಶ್ನೆ: ಹಾಸನದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ನನ್ನದು ಆಫ್ ಆಗುವುದಿಲ್ಲ, ರೀಸ್ಟಾರ್ಟ್ ಆಗುತ್ತದೆ. ನೀಲಿ ಏನೋ ಬಂದು ಮಾಯವಾಗುತ್ತದೆ. ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಅಂತಿದೆ. ಎಸ್‌ಎಂಪಿಎಸ್ ಹೋಗಿದೆಯಾ?

ಉತ್ತರ: 41 ಅಂದರೆ 'ಹೋದ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ' ಅಂತ ವಿಂಡೋಸ್ ಎದ್ದ ಮೇಲೆ ಬರೆದುಕೊಂಡದ್ದು, ಅಷ್ಟೇ. ಪವರ್ ಅನ್ನುವ ಪದ ನೋಡಿ ಎಸ್‌ಎಂಪಿಎಸ್ ಕೊಳ್ಳಲು ಓಡಬೇಡಪ್ಪ. ನೀಲಿ ಪರದೆ ಬಂತು ಅಂದರೆ ವಿಂಡೋಸ್ ತಾನೇ ಎಡವಿ ಬಿದ್ದದ್ದು. ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್‌ನಲ್ಲಿ ಸ್ಟಾರ್ಟಪ್ ಅಂಡ್ ರಿಕವರಿಗೆ ಹೋಗಿ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಟಿಕ್ ತೆಗೆ. ಆಗ ನೀಲಿ ಪರದೆ ನಿಲ್ಲುತ್ತದೆ, ಅದರಲ್ಲಿ ಬರೆದದ್ದನ್ನು ಮೊಬೈಲಿನಲ್ಲಿ ಫೋಟೊ ಹೊಡಿ. ಜೊತೆಗೆ ಪ್ಲಗ್ ಕಿತ್ತು ರ‍್ಯಾಮ್ ತೆಗೆದು, ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಮೆತ್ತಗೆ ಉಜ್ಜಿ ಮತ್ತೆ ಹಾಕು. ಎರಡು ರ‍್ಯಾಮ್ ಇದ್ದರೆ ಒಂದೊಂದೇ ಹಾಕಿ ಒಂದೊಂದು ದಿನ ಓಡಿಸು. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬರದಿದ್ದರೆ ಕಳ್ಳ ಸಿಕ್ಕ.

ಪ್ರಶ್ನೆ: ಕೊಪ್ಪದಿಂದ ಬರೆಯುತ್ತಿದ್ದೇನೆ. ಮಳೆಗಾಲವಿಡೀ ಕಂಪ್ಯೂಟರ್ ಮುಟ್ಟಿರಲಿಲ್ಲ. ಈಗ ಆನ್ ಮಾಡಿದರೆ ಸರಿಯಾಗಿ ನಾಲ್ಕೈದು ಸೆಕೆಂಡಿಗೆ ಆಫ್. ಎಷ್ಟು ಸಲ ಮಾಡಿದರೂ ಅಷ್ಟೇ.

ಉತ್ತರ: ಪ್ರತಿ ಸಲವೂ ನಾಲ್ಕೈದು ಸೆಕೆಂಡೇ ಅಂದರೆ ಪವರ್ ಬಟನ್ ಮೇಲೆ ನನಗೆ ಅನುಮಾನ. ಬಟನ್ ನಾಲ್ಕು ಸೆಕೆಂಡ್ ಒತ್ತಿಹಿಡಿದರೆ ಯಾವ ಕಂಪ್ಯೂಟರೂ ಆಫ್ ಆಗಲೇಬೇಕು, ಅದರ ನಿಯಮವೇ ಹಾಗೆ. ತೇವಕ್ಕೆ ತುಕ್ಕು ಹಿಡಿದು ನಿಮ್ಮ ಬಟನ್ ಒಳಗೇ ಸಿಕ್ಕಿಕೊಂಡಿದೆ. ನೀವು ಬೆರಳು ತೆಗೆದರೂ ಅದು ಒತ್ತಿಕೊಂಡೇ ಇದೆ. ತಗಡು ಬಿಚ್ಚಿ, ಮುಂಭಾಗದಿಂದ ಮದರ್‌ಬೋರ್ಡಿಗೆ ಬರುವ ಸಣ್ಣ ವೈರುಗಳಲ್ಲಿ 'ಪವರ್ ಎಸ್‌ಡಬ್ಲ್ಯೂ' ಅಂತ ಬರೆದದ್ದನ್ನು ಕಿತ್ತು, ಅದೇ ಎರಡು ಪಿನ್ನಿಗೆ 'ರೀಸೆಟ್ ಎಸ್‌ಡಬ್ಲ್ಯೂ' ವೈರನ್ನು ಚುಚ್ಚಿ. ಇನ್ನು ಮೇಲೆ ರೀಸೆಟ್ ಬಟನ್ ಒತ್ತಿದರೆ ಕಂಪ್ಯೂಟರ್ ಆನ್ ಆಗುತ್ತದೆ. ನನ್ನ ಅಂಗಡಿಯ ಕಂಪ್ಯೂಟರೂ ಎರಡು ವರ್ಷದಿಂದ ಹಾಗೇ ಓಡುತ್ತಿದೆ.