ಸರ್‌ನೇಮ್ ಬಿಡಿ, ಅಜ್ಜಿಯ ತವರು ಹುಡುಕಿ

ಪ್ರಶ್ನೆ: ನಾನು ಹಾವೇರಿ ಕಡೆಯವಳು, ಮದುವೆಯಾಗಿ ಪೆನ್ಸಿಲ್ವೇನಿಯಾದಲ್ಲಿದ್ದೇನೆ. ಗಂಡನ ಮುತ್ತಜ್ಜ ಇಟಲಿಯಿಂದ ಬಂದು ಇಲ್ಲಿನ ಸ್ಲೇಟ್ ಗಣಿಯಲ್ಲಿ ದುಡಿದವರು. ಯಾವ ಊರು ಅಂದರೆ ಮನೆಯವರೆಲ್ಲ ‘ನೇಪಲ್ಸ್’ ಅನ್ನುತ್ತಾರೆ. ಒಂದು ಹಳೇ ಫೋಟೋದ ಹಿಂದೆ ಮಾತ್ರ ‘ರೊಸೇತೊ’ ಎಂದು ಬರೆದಿದೆ. ಸರ್‌ನೇಮ್ ಹಾಕಿ ಹುಡುಕಿದರೆ ನೂರಾರು ಜನ ಬರುತ್ತಾರೆ. ನಮ್ಮೂರಿಗೆ ಹೆಳವರು ಬಂದು, ಹೊತ್ತಿಗೆ ಬಿಚ್ಚಿ ತಲೆಮಾರುಗಳನ್ನೇ ಹೇಳಿಬಿಡುತ್ತಿದ್ದರು. ಅಲ್ಲಿ ಅಂಥವರು ಇದ್ದಾರಾ? ಮಕ್ಕಳಿಗೆ ಇಟಲಿ ಪೌರತ್ವ ಸಿಗಬಹುದಾ?

ಉತ್ತರ: ಹೆಳವರಿಲ್ಲ, ಆದರೆ ಹೊತ್ತಿಗೆ ಇದೆ. ಅದೂ ಊರೂರಿಗೆ, ಪ್ರತಿ ವರ್ಷಕ್ಕೂ: ಹುಟ್ಟಿನದು ಬೇರೆ, ಮದುವೆಯದು ಬೇರೆ, ಸಾವಿನದು ಬೇರೆ. ನೀವು ಸರಿಯಾದ ಊರಿಗೆ ಹೋಗಿ ಬಾಗಿಲು ತಟ್ಟಬೇಕು, ಅಷ್ಟೇ.

‘ನೇಪಲ್ಸ್’ ಅನ್ನುವುದು ಬಹುಪಾಲು ಹಡಗು ಹತ್ತಿದ ಬಂದರು. ನಿಮ್ಮ ಫೋಟೋವೇ ಒಳ್ಳೆಯ ಸುಳಿವು. ಸ್ಲೇಟ್ ಗಣಿ ಅಂದ ಕೂಡಲೇ ನನ್ನ ಕಣ್ಣಿಗೆ ಬಂದದ್ದು ರೊಸೇತೊ ವಾಲ್‌ಫೋರ್ತೊರೆ. ದಕ್ಷಿಣ ಇಟಲಿಯ ಪುಲಿಯಾದಲ್ಲಿ, ಫೋಜಾ ಜಿಲ್ಲೆಯ ಗುಡ್ಡದ ಮೇಲಿನ ಪುಟ್ಟ ಊರು. 1882ರಲ್ಲಿ ಅಲ್ಲಿಂದ ಹೊರಟ ಒಂದು ಸಣ್ಣ ಗುಂಪು ಪೆನ್ಸಿಲ್ವೇನಿಯಾದ ಬ್ಯಾಂಗರ್ ಹತ್ತಿರದ ಸ್ಲೇಟ್ ಗಣಿ ಸೇರಿತು. ಅವರ ಹಿಂದೆಯೇ ನೂರಾರು ಜನ ಬಂದರು. ಅಲ್ಲಿ ಕಟ್ಟಿಕೊಂಡ ಹೊಸ ಊರಿಗೂ ರೊಸೇತೊ ಎಂದೇ ಹೆಸರಿಟ್ಟರು. ಹಾಗಾಗಿ ಫೋಟೋ ಯಾವ ರೊಸೇತೊದ್ದು ಅಂತ ಮೊದಲು ನೋಡಿ. ಸ್ಟುಡಿಯೋ ಮುದ್ರೆ ಇದ್ದರೆ ಕೆಲಸ ಸುಲಭ. ಇಟಲಿಯಲ್ಲೇ ಬೇರೆ ರೊಸೇತೊಗಳೂ ಇವೆ, ಕಲಾಬ್ರಿಯಾದಲ್ಲೊಂದು, ಅಬ್ರುತ್ಸೊ ಕರಾವಳಿಯಲ್ಲೊಂದು. ಕರಾವಳಿಯದಕ್ಕೆ ಆ ಹೆಸರು ಬಂದಿದ್ದೇ 1927ರಲ್ಲಿ. ಫೋಟೋ ಅದಕ್ಕಿಂತ ಹಳೆಯದಾದರೆ ಅದನ್ನು ಬಿಟ್ಟುಬಿಡಿ.

ಊರು ಖಾತ್ರಿಯಾಗಬೇಕಾದರೆ ಹಡಗಿನ ಪ್ರಯಾಣಿಕರ ಪಟ್ಟಿ ನೋಡಿ. ವಲಸೆ ಬಂದವರನ್ನು ತಪಾಸಣೆ ಮಾಡಿ ಒಳಬಿಡುತ್ತಿದ್ದ ನ್ಯೂಯಾರ್ಕ್ ಬಂದರಿನ ದ್ವೀಪ ಎಲ್ಲಿಸ್ ಐಲ್ಯಾಂಡ್. ಅದರ ಪಟ್ಟಿಗಳು ಆನ್‌ಲೈನ್‌ನಲ್ಲಿ ಉಚಿತ. 1907ರ ನಂತರದ ಪಟ್ಟಿಗಳಲ್ಲಿ ಊರಲ್ಲಿ ಬಿಟ್ಟುಬಂದ ಹತ್ತಿರದ ನೆಂಟರ ಹೆಸರು ಮತ್ತು ವಿಳಾಸ ಇರುತ್ತದೆ. ಎಲ್ಲಿಸ್ ಐಲ್ಯಾಂಡ್‌ನ ಗುಮಾಸ್ತರು ಹೆಸರು ಬದಲಾಯಿಸಿಬಿಟ್ಟರು ಅಂತ ಎಷ್ಟೋ ಮನೆಗಳಲ್ಲಿ ಹೇಳುತ್ತಾರೆ, ನಂಬಬೇಡಿ. ಪಟ್ಟಿ ಬರೆಯುತ್ತಿದ್ದದ್ದು ಹಡಗು ಹೊರಡುವ ಬಂದರಿನಲ್ಲಿ. ಹೆಸರು ಬದಲಾದದ್ದು ಹೆಚ್ಚಾಗಿ ಆಮೇಲೆ, ಅಮೆರಿಕದಲ್ಲಿ ಬಾಳುತ್ತಾ. ಮುತ್ತಜ್ಜಿ ಆಮೇಲೆ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರೆ ಅವರನ್ನು ಗಂಡನ ಸರ್‌ನೇಮ್‌ನಲ್ಲಿ ಹುಡುಕಬೇಡಿ. ತವರಿನ ಹೆಸರಲ್ಲಿ ಹುಡುಕಿ.

ನಾನು ಒತ್ತಿ ಹೇಳಬೇಕಾದದ್ದು ಇದನ್ನೇ. ಇಟಲಿಯ ದಾಖಲೆಗಳಲ್ಲಿ ಹೆಣ್ಣುಮಕ್ಕಳು ಸಾಯುವ ತನಕ ತವರಿನ ಹೆಸರಲ್ಲೇ ಇರುತ್ತಾರೆ. ಗುಡ್ಡದ ಊರುಗಳಲ್ಲಿ ಇದು ನಿಮ್ಮನ್ನು ಕಾಪಾಡುತ್ತದೆ. ಯಾಕಂದರೆ ಇಡೀ ಊರಿಗೆ ಬೆರಳೆಣಿಕೆಯ ಸರ್‌ನೇಮ್‌ಗಳು. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರಿಡುವುದು ಅಲ್ಲಿಯ ಪದ್ಧತಿ. ನಮ್ಮಲ್ಲೂ ಹೀಗೇ ಅಲ್ವಾ? ಅಜ್ಜನಿಗೆ ನಾಲ್ಕು ಗಂಡುಮಕ್ಕಳಿದ್ದರೆ ಒಂದೇ ಹೆಸರಿನ ನಾಲ್ಕು ಮೊಮ್ಮಕ್ಕಳು ಒಂದೇ ಬೀದಿಯಲ್ಲಿ ಓಡಾಡುತ್ತಿರುತ್ತಾರೆ. ಕೂಸು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಮತ್ತೆ ಅದೇ ಹೆಸರು. ಇವರನ್ನು ಬಿಡಿಸಿ ನೋಡಲು ಇರುವ ದಾರಿ ತಾಯಿಯ ಹೆಸರು. ಅಪ್ಪ, ಅಮ್ಮ ಇಬ್ಬರ ಹೆಸರೂ ತಾಳೆಯಾಗದೆ ಯಾರನ್ನೂ ನಿಮ್ಮ ವಂಶವೃಕ್ಷಕ್ಕೆ ಸೇರಿಸಬೇಡಿ.

ರೊಸೇತೊ ವಾಲ್‌ಫೋರ್ತೊರೆ ಹಳೆಯ ನೇಪಲ್ಸ್ ರಾಜ್ಯದಲ್ಲಿತ್ತು. ಅಲ್ಲಿ ಸರ್ಕಾರಿ ದಾಖಲೆ ಶುರುವಾದದ್ದು 1809ರಲ್ಲಿ, ನೆಪೋಲಿಯನ್ ಕಡೆಯವರ ಆಳ್ವಿಕೆಯಲ್ಲಿ. ಇಟಲಿ ಸರ್ಕಾರದ ‘ಅಂತೆನಾತಿ’ ಎಂಬ ಪೋರ್ಟಲ್‌ನಲ್ಲಿ ಈ ಪುಟಗಳ ಚಿತ್ರಗಳು ಪುಕ್ಕಟೆ ಸಿಗುತ್ತವೆ. ಅಂತೆನಾತಿ ಅಂದರೆ ಪೂರ್ವಜರು. ಹೆಸರು ಟೈಪ್ ಮಾಡಿದರೆ ಎಲ್ಲವೂ ಬರುವುದಿಲ್ಲ. ಊರು, ವರ್ಷ ಆರಿಸಿಕೊಂಡು ಪುಟ ತಿರುವಬೇಕು. ಪುಸ್ತಕದ ಕೊನೆಯಲ್ಲಿ ಸಾಮಾನ್ಯವಾಗಿ ಹೆಸರಿನ ಪಟ್ಟಿ ಇರುತ್ತದೆ, ಅಲ್ಲಿಂದ ಶುರು ಮಾಡಿ.

ನೆಪೋಲಿಯನ್ ಕಡೆಯವರ ನಂತರ ಅಲ್ಲಿ ಆಳಿದ ಬೂರ್ಬೊನ್ ರಾಜರ ಕಾಲದ ಒಂದು ಹುಟ್ಟಿನ ಪುಟ ತೆರೆದರೆ ಎರಡು ಕಾಲಂ ಕಾಣುತ್ತದೆ. ಎಡಗಡೆ ಮೇಯರ್ ಮುಂದೆ ಅಪ್ಪ ಮಗುವನ್ನು ತಂದು ತೋರಿಸಿದ ವಿವರ, ಬಲಗಡೆ ಪಾದ್ರಿ ದೀಕ್ಷಾಸ್ನಾನ ಮಾಡಿಸಿದ ದಿನ. ಇಸವಿ ಅಂಕಿಯಲ್ಲಿಲ್ಲ, ಅಕ್ಷರದಲ್ಲಿ. ಅಪ್ಪನ ಕಸುಬು ‘ಬ್ರಾಚಾಲೆ’ ಎಂದಿದ್ದರೆ ಕೂಲಿಯಾಳು, ‘ಕೊಂತಾದೀನೊ’ ಎಂದಿದ್ದರೆ ರೈತ. ಎಷ್ಟೋ ಪುಟಗಳ ಕೆಳಗೆ ಅವರಿಗೆ ಸಹಿ ಬರದು ಎಂಬ ಸಾಲು ಇರುತ್ತದೆ. ಆ ಸಾಲು ಓದುವಾಗ ನಾನು ಪ್ರತಿ ಸಲ ಒಂದು ಕ್ಷಣ ನಿಲ್ಲುತ್ತೇನೆ. ಮಗುವನ್ನು ಎತ್ತಿಕೊಂಡು ಗುಡ್ಡದ ಮೆಟ್ಟಿಲು ಹತ್ತಿಬಂದ ಆ ಮನುಷ್ಯನ ಗುರುತು ಇಷ್ಟೇ ಉಳಿದಿರುವುದು.

ಎರಡು ಪುಟ್ಟ ಪದ ನೆನಪಿಡಿ. ಹೆಸರಾದ ಮೇಲೆ ‘ದಿ’ ಬಂದು ಅಪ್ಪನ ಹೆಸರಿದ್ದರೆ ಅಪ್ಪ ಬದುಕಿದ್ದಾನೆ. ‘ಫು’ ಬಂದರೆ ತೀರಿಹೋಗಿದ್ದಾನೆ. ಮದುವೆಯಲ್ಲಿ ‘ದಿ’, ಮೊದಲ ಮಗುವಿನ ಹುಟ್ಟಿನಲ್ಲಿ ‘ಫು’ ಎಂದಿದ್ದರೆ ಅಜ್ಜನ ಸಾವು ಆ ನಡುವಿನ ವರ್ಷಗಳಲ್ಲಿದೆ. ನೇರವಾಗಿ ಆ ಸಾವಿನ ಪುಸ್ತಕ ತೆಗೆಯಿರಿ.

ಎಲ್ಲಕ್ಕಿಂತ ದೊಡ್ಡ ನಿಧಿ ಮದುವೆಯ ಕಡತ, ‘ಪ್ರೊಚೆಸ್ಸೆತ್ತಿ’. ಮದುವೆಗೆ ಮೊದಲು ಗಂಡು ಹೆಣ್ಣು ಇಬ್ಬರೂ ಕಾಗದಪತ್ರ ಕೊಡಬೇಕಿತ್ತು. ಅದರಲ್ಲಿ ಅವರ ಜನನದ ನಕಲು. ಅಪ್ಪ ಅಥವಾ ಅಮ್ಮ ಸತ್ತಿದ್ದರೆ ಅವರ ಸಾವಿನ ನಕಲು. ಅಪ್ಪ ಇಲ್ಲದಿದ್ದರೆ ಒಪ್ಪಿಗೆ ಕೊಡಬೇಕಾದವನು ಅಜ್ಜ. ಅವನೂ ಹೋಗಿದ್ದರೆ ಅವನ ಸಾವಿನ ನಕಲೂ ಬೇಕು. ಹೀಗೆ 1820ರ ಒಂದು ಮದುವೆಯ ಕಟ್ಟು ಬಿಚ್ಚಿದರೆ 1700ರ ದಶಕಗಳಲ್ಲಿ ಹುಟ್ಟಿದ ಅಜ್ಜನ ತನಕ ಹೋಗಬಹುದು, ಅದೂ ಎರಡೂ ಕಡೆಯಿಂದ. ಜನ ಬರೀ ಮದುವೆಯ ಪುಟ ನೋಡಿ ಕಡತ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ.

ಯಾವುದಾದರೂ ವರ್ಷ ಪೋರ್ಟಲ್‌ನಲ್ಲಿ ಇಲ್ಲದಿದ್ದರೆ ಊರಿನ ಪುರಸಭೆಗೆ, ಅಂದರೆ ‘ಕೊಮೂನೆ’ಗೆ, ಇಟಾಲಿಯನ್‌ನಲ್ಲಿ ನಾಲ್ಕು ಸಾಲು ಬರೆಯಿರಿ. ಪುಸ್ತಕದ ಎರಡು ಪ್ರತಿ ಇಡುತ್ತಿದ್ದರು, ಒಂದು ಅಲ್ಲೇ ಇರುತ್ತದೆ. ಒಂದು ಪತ್ರದಲ್ಲಿ ಒಬ್ಬರದ್ದೇ ಕೇಳಿ, ಅಪ್ಪ ಅಮ್ಮನ ಹೆಸರು ಬೇಕು ಎಂದು ಸ್ಪಷ್ಟವಾಗಿ ಹೇಳಿ. 1809ಕ್ಕಿಂತ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳೇ ಗತಿ. ದೀಕ್ಷಾಸ್ನಾನ, ಮದುವೆಗಳನ್ನು ಬರೆದಿಡಬೇಕೆಂದು 1563ರಲ್ಲೇ ಕ್ಯಾಥೋಲಿಕ್ ಚರ್ಚಿನ ಟ್ರೆಂಟ್ ಧರ್ಮಸಭೆ ಕಟ್ಟಳೆ ಮಾಡಿತ್ತು. ಬರಹ ಲ್ಯಾಟಿನ್‌ನಲ್ಲಿ, ನೋಡಲು ಪಾದ್ರಿಯ ಅನುಮತಿ ಬೇಕು.

ಪೌರತ್ವದ ಆಸೆ ಇಟ್ಟುಕೊಳ್ಳಬೇಡಿ. ಮೊದಲು ಎಷ್ಟು ತಲೆಮಾರು ಹಿಂದಿನ ಪೂರ್ವಜರಿದ್ದರೂ ಅರ್ಜಿ ಹಾಕಬಹುದಿತ್ತು. 2025ರ ಮಾರ್ಚ್‌ನಲ್ಲಿ ಬಂದು ಮೇನಲ್ಲಿ ಖಾಯಂ ಆದ ಕಾನೂನು ಅದನ್ನು ಬಹುಪಾಲು ಅಪ್ಪ-ಅಮ್ಮ, ಅಜ್ಜ-ಅಜ್ಜಿಯರಿಗೇ ನಿಲ್ಲಿಸಿದೆ. ಮುತ್ತಜ್ಜನ ಹೆಸರು ಹೇಳಿ ನಿಮ್ಮವರು ಈಗ ಅರ್ಜಿ ಹಾಕಿದರೆ ಆಗುವುದಿಲ್ಲ, ಮಕ್ಕಳಿಗಂತೂ ಇನ್ನೂ ದೂರ. ಏಜೆಂಟರಿಗೆ ಸುಮ್ನೆ ದುಡ್ಡು ಕೊಡಬೇಡಿ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಗಂಡನ ಮನೆಯ ಹಿರಿಯರ ಪಕ್ಕ ಕೂತು, ಹಳಬರು ತಮ್ಮ ಮನೆಯನ್ನು ಯಾವುದಾದರೂ ವಿಚಿತ್ರ ಪದದಿಂದ ಕರೆಯುತ್ತಿದ್ದರಾ ಅಂತ ಕೇಳಿ. ಇಂಥ ಊರುಗಳಲ್ಲಿ ಒಂದೇ ಸರ್‌ನೇಮ್‌ನ ಮನೆಗಳನ್ನು ಗುರುತಿಸಲು ಪ್ರತಿ ಮನೆಗೊಂದು ಅಡ್ಡಹೆಸರು ಇರುತ್ತಿತ್ತು. ಅರ್ಥ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಕೇಳಿಸಿದ ಹಾಗೇ ಕನ್ನಡದಲ್ಲಿ ಬರೆದಿಡಿ. ಮುಂದೆ ಆ ಊರಿಗೆ ಹೋದಾಗ ಚೌಕದ ಬೆಂಚಿನ ಮೇಲೆ ಕೂತ ಮುದುಕರ ಮುಂದೆ ಮೊದಲು ಆ ಪದ ಹೇಳಿ.