ಜೇಡ್ ಗಿಡಕ್ಕೆ ನೀರು ಜಾಸ್ತಿಯಾಗಿ ಎಲೆ ಹಳದಿಯಾಗಿ ಮೆತ್ತಗಾಗಿದೆ, ಉಳಿಸಬಹುದಾ?

ಕಾಂಡ ಇನ್ನೂ ಗಟ್ಟಿಯಾಗಿದ್ದರೆ ಸಾಮಾನ್ಯವಾಗಿ ಉಳಿಯುತ್ತದೆ. ಇವತ್ತೇ ಗಿಡವನ್ನು ಕುಂಡದಿಂದ ತೆಗೆದು, ಒದ್ದೆ ಮಣ್ಣು ಉದುರಿಸಿ ಬೇರು ನೋಡಿ. ಕಪ್ಪಾಗಿ ಕೊಳೆತು ವಾಸನೆ ಬರುವ ಬೇರುಗಳನ್ನೆಲ್ಲ ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಕತ್ತರಿಸಿ. ಆಮೇಲೆ ಗಾಳಿಯಾಡುವ ನೆರಳಲ್ಲಿ ಮೂರ್ನಾಲ್ಕು ದಿನ ಹಾಗೇ ಬಿಡಿ. ಗಾಯ ಒಣಗುವ ಮೊದಲೇ ನೆಟ್ಟರೆ ಮತ್ತೆ ಕೊಳೆಯಬಹುದು. ಭಯ ಬೇಡ, ಎಲೆ ಕಾಂಡದಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡ ಇದು.

ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು. ಅದು ಸಿಗುವುದು ಮಣ್ಣಿನ ಸಂದುಗಳಲ್ಲಿರುವ ಗಾಳಿಯಿಂದ. ಅಲ್ಲಿ ಸದಾ ನೀರೇ ತುಂಬಿದ್ದರೆ ಬೇರು ಉಸಿರುಗಟ್ಟಿ ಸಾಯುತ್ತದೆ, ಕೊಳೆ ರೋಗ ಹತ್ತುತ್ತದೆ. ಸತ್ತ ಬೇರು ನೀರು ಹೀರುವುದಿಲ್ಲ. ಹಾಗಾಗಿ ಮಣ್ಣು ಒದ್ದೆಯಿದ್ದರೂ ಎಲೆ ಸುಕ್ಕಾಗಬಹುದು. ಪಾಪ, ಬಾಯಾರಿದೆ ಅಂತ ನಾವು ಇನ್ನೊಂದು ಚೊಂಬು ಸುರಿಯುವುದು ಆಗಲೇ!

ಮತ್ತೆ ನೆಡಲು ತೂತಿರುವ ಮಣ್ಣಿನ ಕುಂಡವೇ ಒಳ್ಳೆಯದು. ಅರ್ಧ ಮಣ್ಣು, ಅರ್ಧ ದಪ್ಪ ಮರಳು ಅಥವಾ ಪರ್ಲೈಟ್ (ಮಣ್ಣು ಸಡಿಲವಾಗಲು ಬೆರೆಸುವ ಹಗುರವಾದ ಬಿಳಿ ಹರಳು) ಹಾಕಿ. ಒಂದು ವಾರ ನೀರು ಬೇಡ. ನಂತರವೂ ದಿನ ಲೆಕ್ಕ ಹಾಕಬೇಡಿ. 2 ಇಂಚು ಆಳಕ್ಕೆ ಬೆರಳಿಟ್ಟು ನೋಡಿ, ಪೂರ್ತಿ ಒಣಗಿದ್ದರೆ ಮಾತ್ರ ತೂತಿನಿಂದ ಹರಿಯುವಷ್ಟು ಹಾಕಿ. ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಮಳೆಗಾಲದಲ್ಲಿ ಮಣ್ಣು ನಿಧಾನಕ್ಕೆ ಒಣಗುತ್ತದೆ, ಅದರಲ್ಲೂ ಕರಾವಳಿಯಲ್ಲಿ. ಬೆಳಕು ಚೆನ್ನಾಗಿ ಬರುವ ಕಿಟಕಿ ಇರಲಿ.

ಕಾಂಡದ ಬುಡವೇ ಮೆತ್ತಗಾಗಿದ್ದರೆ ಬೇರಿನ ಆಸೆ ಬಿಡಿ. ಮೇಲಿನ ಗಟ್ಟಿ ಕೊಂಬೆಯೊಂದನ್ನು ಕತ್ತರಿಸಿ, ಗಾಯ ಒಣಗಿದ ಮೇಲೆ ನೆಡಿ. ಜೇಡ್ ಸುಲಭವಾಗಿ ಬೇರು ಬಿಡುತ್ತದೆ.